ಮಿನೆಸೋಟಾದ ಕಪ್ಪು ಕರಡಿ: ಕಡಿಮೆಯಾದದ್ದು ಕರಡಿಯೋ, ಎರೆಗೆ ಬರುವ ಕರಡಿಯೋ?

ಬಡಗಣಕಾಡು

ಅಮೆರಿಕದ ಮಿನೆಸೋಟಾದ ಉತ್ತರದ ಕಾಡಿನ ಬಗ್ಗೆ ಬಲ್ಲವರು ಇಲ್ಲಿ ನಾಲ್ಕಾರು ಜನ ಇದ್ದಾರೆ, ಅದಕ್ಕೇ ಈ ಎಳೆ ಶುರು ಮಾಡ್ತಿದ್ದೇನೆ.

1995ರಲ್ಲಿ ಅಲ್ಲಿ ಒಂದೇ ಸೀಸನ್‌ನಲ್ಲಿ ಐದು ಸಾವಿರದ ಹತ್ತಿರ ಕಪ್ಪು ಕರಡಿ ಬೇಟೆಯಾಗಿತ್ತು. 2014ರಲ್ಲಿ 1,600ರ ಆಸುಪಾಸು. ಕೋಟಾ ವಲಯದ (ಇಷ್ಟೇ ಪರ್ಮಿಟ್ ಎಂಬ ಮಿತಿ ಇರುವ ಕಡೆಯ) ಪರ್ಮಿಟ್ 1990ರ ದಶಕದ ಕೊನೆಗೆ 20 ಸಾವಿರ ದಾಟಿತ್ತು, 2013ರಲ್ಲಿ 3,750ಕ್ಕೆ ಇಳಿಸಿದರು, 2017ರಲ್ಲಿ 3,350. ಒಂದು ಕಾಲದಲ್ಲಿ ಅರ್ಜಿ ಹಾಕಿದವರಿಗೆಲ್ಲ ಪರ್ಮಿಟ್ ಸಿಗುತ್ತಿದ್ದ ಬೇಟೆ ಬ್ಲಾಕ್‌ಗಳಿಗೆ ಈಗ ಲಾಟರಿಯಲ್ಲಿ ವರ್ಷಗಟ್ಟಲೆ ಕಾಯಬೇಕು.

ಎರೆ (ಕರಡಿಯನ್ನು ಸೆಳೆಯಲು ಕಾಡಿನಲ್ಲಿ ಇಡುವ ತಿನಿಸು) ಹಾಕುವವರ ಬಾಯಲ್ಲೆಲ್ಲ ಒಂದೇ ಮಾತು: ಹಳೆಯ ಒಳ್ಳೆಯ ಜಾಗಗಳಲ್ಲಿ ಕರಡಿ ಇಲ್ಲ. ಇದು ನಿಜಕ್ಕೂ ಸಂಖ್ಯೆ ಕುಸಿದದ್ದೋ, ಅಥವಾ ಕರಡಿ ಇದ್ದೂ ಎರೆಗೆ ಬರುತ್ತಿಲ್ಲವೋ? ಎರಡನ್ನೂ ಬೇರೆ ಬೇರೆ ಮಾಡಿ ನೋಡುವ ದಾರಿ ಏನು? ಅಂದಾಜು ಮಾತು ಬೇಡ, ಕೈಯಲ್ಲಿ ಹಿಡಿದು ನೋಡುವಂಥದ್ದು ಹೇಳಿ.

ಲೆಕ್ಕದ_ಮೇಷ್ಟ್ರು

ಮೊದಲು ಒಂದು ತಪ್ಪು ಬಿಡಿಸಿಬಿಡೋಣ. ಹೊಡೆದ ಕರಡಿಯ ಸಂಖ್ಯೆ ಅಂದರೆ ಕಾಡಿನ ಕರಡಿಯ ಸಂಖ್ಯೆ ಅಲ್ಲ. ಅದರೊಳಗೆ ಮೂರು ಸಂಗತಿ ಕಲಸಿಹೋಗಿವೆ: ಎಷ್ಟು ಜನ ಬೇಟೆಗೆ ಹೋದರು, ಆ ವರ್ಷ ಕಾಡಿನಲ್ಲಿ ಹಣ್ಣು-ಕಾಯಿ ಹೇಗಿತ್ತು, ಕರಡಿ ಎಷ್ಟಿತ್ತು. ಪರ್ಮಿಟ್ ಐದರಲ್ಲಿ ಒಂದು ಪಾಲಿಗೆ ಇಳಿದ ಮೇಲೆ ಬೇಟೆ ಇಳಿಯಲೇಬೇಕು, ಅದರಲ್ಲಿ ಆಶ್ಚರ್ಯ ಏನಿಲ್ಲ. 1995 ಕೂಡ ಸಾಮಾನ್ಯ ವರ್ಷವಲ್ಲ. ಆ ವರ್ಷ ಕಾಡಿನ ಹಣ್ಣು-ಕಾಯಿ ಕೈಕೊಟ್ಟಿತ್ತು, ಹಸಿದ ಕರಡಿಗಳು ಊರಿಗೂ ನುಗ್ಗಿದವು, ಎರೆಗೂ ನುಗ್ಗಿದವು. ಹಾಗಾಗಿ 1995ನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಅದರ ಮುಂದೆ ಯಾವ ವರ್ಷವೂ ಬಡವಾಗಿಯೇ ಕಾಣುತ್ತೆ.

ಹಾಗಂತ ಕುಸಿತ ಸುಳ್ಳಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಎಲ್ಲರೂ ಡಿಎನ್‌ಆರ್ ಅನ್ನೋದು, 1991, 1997, 2002, 2008 ಹೀಗೆ ನಾಲ್ಕು ಸಲ ಬೇಟೆಯ ಅಂಕಿಯನ್ನು ನೆಚ್ಚದೆ ಬೇರೆ ದಾರಿಯಲ್ಲಿ ಕರಡಿ ಎಣಿಸಿತು. 2002ರಿಂದ 2008ರ ನಡುವೆ ಇಳಿಕೆ ಸ್ಪಷ್ಟವಾಗಿಯೇ ಇದೆ.

ಎಣಿಸಿದ ರೀತಿ ಸೊಗಸಾದದ್ದು. ಬೇಸಿಗೆಯಲ್ಲಿ ಹಂದಿಮಾಂಸದ ತುಂಡಿನೊಳಗೆ ಟೆಟ್ರಾಸೈಕ್ಲಿನ್ ಮಾತ್ರೆ ಇಟ್ಟು ಸಾವಿರಾರು ಮರಗಳಿಗೆ ಕಟ್ಟಿದರು. ತಿಂದದ್ದು ಕರಡಿಯೇ ಎಂದು ತೊಗಟೆಯ ಮೇಲಿನ ಉಗುರುಗೀರು ನೋಡಿ ಖಾತ್ರಿ ಮಾಡಿಕೊಂಡರು. ಆ ಔಷಧಿ ಬೆಳೆಯುವ ಮೂಳೆಗೂ ಹಲ್ಲಿಗೂ ಅಂಟಿಕೊಳ್ಳುತ್ತೆ, ನೇರಳಾತೀತ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತೆ. ಶರತ್ಕಾಲದಲ್ಲಿ ಬೇಟೆಗಾರರು ಕೊಟ್ಟ ಹಲ್ಲು, ಪಕ್ಕೆಲುಬಿನ ಚೂರುಗಳಲ್ಲಿ ಎಷ್ಟಕ್ಕೆ ಆ ಗೆರೆ ಇದೆ ಎಂದು ನೋಡಿದರೆ ಸಾಕು. ಉದಾಹರಣೆಗೆ ಗುರುತಾದವು 1,000, ಪರೀಕ್ಷೆಗೆ ಬಂದವು 2,000, ಅದರಲ್ಲಿ ಹೊಳೆದವು 100 ಅನ್ನಿ. ಸಾವಿರವನ್ನು ಎರಡು ಸಾವಿರದಿಂದ ಗುಣಿಸಿ ನೂರರಿಂದ ಭಾಗಿಸಿ: 20,000. ಮೋಸ ಹೋಗುವ ಜಾಗ ಯಾವುದು ಅಂದರೆ, ಒಂದೇ ಕರಡಿ ಎರಡು ಮರದ ಮಾಂಸ ತಿಂದರೆ ಗುರುತಾದವು ಹೆಚ್ಚೆಂದು ಎಣಿಸಿಬಿಡುತ್ತೀರಿ, ಒಟ್ಟು ಸಂಖ್ಯೆಯೂ ಉಬ್ಬುತ್ತೆ. ಅದಕ್ಕೇ ಮರದಿಂದ ಮರಕ್ಕೆ ದೂರ ಬೇಕು.

ಕೊಡಗಿನ_ಕೋವಿ

ಮೇಷ್ಟ್ರೇ, ಇಡೀ ರಾಜ್ಯದ ಲೆಕ್ಕ ಸರಿ. ಒಂದು ಬ್ಲಾಕ್‌ನಲ್ಲಿ ನಾಲ್ಕೈದು ಎರೆ ಜಾಗ ನೋಡಿಕೊಳ್ಳುವ ತಂಡಕ್ಕೆ ಅದು ಉಪಯೋಗಕ್ಕೆ ಬರೋದಿಲ್ಲ. ಅವರಿಗೆ ಬೇಕಾದ್ದು ಪುಸ್ತಕದಲ್ಲಿ ಬರೆದಿಡುವ ಲೆಕ್ಕ.

ಹೆಚ್ಚಿನವರು ಬರೆಯೋದೇನು? "ಈ ವರ್ಷ ಎರಡು ಕರಡಿ ಸಿಕ್ಕಿತು." ಇದರಿಂದ ಏನೂ ಗೊತ್ತಾಗೋಲ್ಲ. ಬರೆಯಬೇಕಾದ್ದು ಎರೆ-ರಾತ್ರಿ. ಮೂರು ಜಾಗ, 20 ದಿನ ಅಂದರೆ 60 ಎರೆ-ರಾತ್ರಿ. ಅದರಲ್ಲಿ ಎಷ್ಟು ರಾತ್ರಿ ಕರಡಿ ಬಂದು ತಿಂದಿದೆ, ಮೊದಲ ಸಲ ಎರೆ ಹಾಕಿದ ಮೇಲೆ ಮೊದಲ ಕರಡಿ ಬರೋಕೆ ಎಷ್ಟು ದಿನ ಹಿಡಿಯಿತು, ಕ್ಯಾಮರಾದಲ್ಲಿ ಬೇರೆ ಬೇರೆ ಕರಡಿ ಎಷ್ಟು ಕಂಡವು. ಈ ಮೂರನ್ನೂ ವರ್ಷ ವರ್ಷ ಅದೇ ಜಾಗದಲ್ಲಿ, ಅದೇ ದಿನಾಂಕಕ್ಕೆ ಶುರು ಮಾಡಿ ಬರೆದರೆ ಐದನೇ ವರ್ಷಕ್ಕೆ ಏನಾದರೂ ಹೇಳಬಹುದು. ಜಾಗ ಬದಲಾಯಿಸುತ್ತಾ ಹೋದರೆ ಲೆಕ್ಕ ಕೆಟ್ಟಿತು. ಎರೆಯ ಪ್ರಮಾಣವೂ ಅಷ್ಟೇ: ಒಂದು ವರ್ಷ ಹತ್ತು ಕಿಲೋ, ಮರುವರ್ಷ ನಲವತ್ತು ಕಿಲೋ ಸುರಿದರೆ ಹೋಲಿಸೋಕೆ ಆಗಲ್ಲ.

ಕ್ಯಾಮರಾ ಕಟ್ಟುವ ಬಗ್ಗೆ. ಕರಡಿಯ ಮೂಗಿನ ಎತ್ತರಕ್ಕೆ ಕಟ್ಟಿದರೆ ಮೊದಲ ರಾತ್ರಿಯೇ ಕಚ್ಚಿ ಪಟ್ಟಿ ಕಿತ್ತಿರುತ್ತೆ. ಎರಡೂವರೆ ಮೀಟರ್ ಎತ್ತರಕ್ಕೆ, ಕೆಳಗೆ ಬಾಗಿಸಿ ಕಟ್ಟಿ. ಒಂದು ಸಲಕ್ಕೆ ಮೂರು ಚಿತ್ರ, ನಡುವೆ ಒಂದು ನಿಮಿಷ ಬಿಡುವು. ಎರೆಯ ಪಕ್ಕದ ಮರಕ್ಕೆ ನೆಲದಿಂದ 60, 75, 90 ಸೆಂಟಿಮೀಟರ್‌ಗೆ ಬಣ್ಣದ ಟೇಪ್ ಸುತ್ತಿ. ಕರಡಿ ನಾಲ್ಕು ಕಾಲ ಮೇಲೆ ನಿಂತಾಗ ಭುಜ ಯಾವ ಗೆರೆಗೆ ಬರುತ್ತೆ ನೋಡಿದರೆ ಗಾತ್ರ ಗೊತ್ತಾಗುತ್ತೆ. ರಾತ್ರಿ ಚಿತ್ರದಲ್ಲಿ ಎಲ್ಲ ಕರಡಿಯೂ ದೊಡ್ಡದೇ. ಟೇಪ್ ಇಲ್ಲದೆ ಗಾತ್ರ ಹೇಳುವವರ ಮಾತು ನಂಬಬೇಡಿ.

ಒಂದೊಂದನ್ನೂ ಬೇರೆ ಮಾಡಿ ಗುರುತಿಸೋಕೆ: ಎದೆಯ ಮೇಲೆ ಬಿಳಿ ಮಚ್ಚೆ ಇದ್ದರೆ ಅದರ ಆಕಾರ, ಕಿವಿಯ ಹರಿದ ಅಂಚು, ಮೂತಿಯ ಕಂದು ಬಣ್ಣ ಎಲ್ಲಿಗೆ ನಿಂತಿದೆ, ಜೊತೆಗೆ ಮರಿ ಇದೆಯಾ. ಅನುಮಾನ ಇದ್ದರೆ ಒಂದೇ ಕರಡಿ ಎಂದು ಬರೆಯಿರಿ. "ಏಳು ಕರಡಿ ಬರ್ತಿವೆ" ಅನ್ನುವ ಜಾಗದಲ್ಲಿ ಸಾಮಾನ್ಯವಾಗಿ ಮೂರೇ ಇರ್ತವೆ.

ದರೋಜಿ_ಬಂಡೆ

ಅಲ್ರಿ, ನಡುವೆ ಬಾಯಿ ಹಾಕ್ತೀನಿ, ತಪ್ಪು ತಿಳೀಬ್ಯಾಡ್ರಿ. ಕಪ್ಪು ಕರಡಿ ಅಂದ್ರ ನಮ್ಮ ಕಡಿ ಕರಡಿನೂ ಕಪ್ಪೇ ಐತಲ್ರಿ. ಓದೋರು ಅದನ್ನೇ ಅಂದ್ಕೋತಾರ.

ಹಲ್ಲುಪದರ

ಒಳ್ಳೆ ಮಾತು ಕೇಳಿದ್ರಿ. ಎರಡೂ ಬೇರೆ ಜಾತಿ. ದರೋಜಿಯಲ್ಲಿ ಇರೋದು ಗೆದ್ದಲು, ಇರುವೆ, ಹಣ್ಣು ತಿನ್ನುವ ಉದ್ದ ಕೂದಲಿನ ಕರಡಿ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗೋದಿಲ್ಲ, ಮರಿಯನ್ನ ಬೆನ್ನ ಮೇಲೆ ಹೊತ್ತು ತಿರುಗುತ್ತೆ. ಅದರ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಪೂರ್ತಿ ನಿಷೇಧ. ಇಲ್ಲಿ ಮಾತಾಡ್ತಿರೋದು ಉತ್ತರ ಅಮೆರಿಕದ ಕಪ್ಪು ಕರಡಿ. ಮರ ಹತ್ತೋದರಲ್ಲಿ ನಿಸ್ಸೀಮ, ಅಕ್ಟೋಬರ್‌ನಲ್ಲಿ ಗುಹೆ ಸೇರಿದರೆ ಮಾರ್ಚ್-ಏಪ್ರಿಲ್‌ವರೆಗೂ ತಿನ್ನೋದಿಲ್ಲ, ಕುಡಿಯೋದಿಲ್ಲ. ಹಿಮಾಲಯದಲ್ಲೂ ಕಪ್ಪು ಕರಡಿ ಇದೆ, ಅದು ಮೂರನೆಯದು.

ಒಂದು ವ್ಯತ್ಯಾಸ ಈ ಚರ್ಚೆಗೆ ಮುಖ್ಯ. ನಮ್ಮಲ್ಲಿ ಬೇಟೆ ಇಲ್ಲ, ಹಾಗಾಗಿ ವರ್ಷಕ್ಕೆ ಸಾವಿರಾರು ಹಲ್ಲು ಕೈಗೆ ಬರೋದೂ ಇಲ್ಲ. ಮಿನೆಸೋಟಾದಲ್ಲಿ ಕರಡಿ ಹೊಡೆದವರು ಹಲ್ಲು ಕೊಡಲೇಬೇಕು. ಕರಡಿಯ ಸಂಖ್ಯೆಯ ಬಗ್ಗೆ ಅಲ್ಲಿ ಗೊತ್ತಿರೋದರ ಅರ್ಧ ಆ ಹಲ್ಲಿನಿಂದ ಬಂದದ್ದು. ಅದನ್ನ ಸರಿಯಾಗಿ ತೆಗೆಯೋದು ಹೇಗೆ ಅಂತ ಬರೆದುಬಿಡ್ತೀನಿ, ಯಾಕಂದ್ರೆ ಕಳಿಸಿದ ಹಲ್ಲುಗಳು ಹಾಳಾಗೋದು ತೆಗೆಯುವಾಗಲೇ.

ಬೇಕಾದ್ದು ಕೋರೆಹಲ್ಲಲ್ಲ. ಕೋರೆಹಲ್ಲಿನ ಹಿಂದೆಯೇ, ಕಡ್ಲೆಕಾಳಿಗಿಂತ ಸಣ್ಣದಾಗಿ, ಗೂಟದ ಹಾಗೆ ಒಂದು ಹಲ್ಲಿರುತ್ತೆ. ಬೇರು ಒಂದೇ, ಹೊರಗೆ ಕಾಣೋದಕ್ಕಿಂತ ಒಳಗೆ ಉದ್ದ. ಸತ್ತು ದವಡೆ ಬಿಗಿಯೋದಕ್ಕೆ ಮುಂಚೆ ಬಾಯಿ ತೆರೆದು ಒಂದು ಕಡ್ಡಿ ಅಡ್ಡ ಕೊಡಿ. ತೆಳು ಚಾಕುವಿನ ತುದಿಯನ್ನ ಹಲ್ಲಿನ ಎರಡೂ ಪಕ್ಕ ವಸಡಿನೊಳಗೆ ಮೂಳೆ ಮುಟ್ಟೋವರೆಗೂ ಇಳಿಸಿ. ಆಮೇಲೆ ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನ ಕೋರೆಹಲ್ಲಿಗೂ ಇದಕ್ಕೂ ನಡುವೆ ಇಟ್ಟು ಮೆಲ್ಲಗೆ ತಿರುಗಿಸಿ, ಸಡಿಲ ಆಗುತ್ತೆ. ಆಗ ಮಾತ್ರ ಇಕ್ಕಳ. ಮೊದಲೇ ಇಕ್ಕಳ ಹಾಕಿ ಎಳೆದರೆ ಹಲ್ಲಿನ ತಲೆ ಕೈಗೆ ಬರುತ್ತೆ, ಬೇರು ದವಡೆಯಲ್ಲೇ ಉಳಿಯುತ್ತೆ. ವಯಸ್ಸು ಬರೆದಿರೋದು ಬೇರಿನ ತುದಿಯಲ್ಲಿ, ತಲೆಯಿಂದ ಏನೂ ಪ್ರಯೋಜನ ಇಲ್ಲ.

ತೆಗೆದ ಮೇಲೆ ಕುದಿಸಬೇಡಿ, ಬ್ಲೀಚ್‌ನಲ್ಲಿ ಹಾಕಬೇಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿದರೆ ಬೂಸ್ಟು ಹಿಡಿಯುತ್ತೆ. ಕಾಗದದ ಕವರ್, ಮೇಲೆ ದಿನಾಂಕ, ಬ್ಲಾಕ್ ನಂಬರ್, ಗಂಡೋ ಹೆಣ್ಣೋ. ಸಾಧ್ಯ ಇದ್ದರೆ ಎರಡೂ ಪಕ್ಕದ ಎರಡು ಹಲ್ಲು ಕಳಿಸಿ, ಒಂದು ಮುರಿದರೂ ಇನ್ನೊಂದು ಇರುತ್ತೆ.

ಪ್ರಯೋಗಾಲಯದಲ್ಲಿ ಹಲ್ಲನ್ನ ಆಮ್ಲದಲ್ಲಿಟ್ಟು ಸುಣ್ಣದ ಅಂಶ ತೆಗೀತಾರೆ, ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಮರದ ಉಂಗುರದ ಹಾಗೆ ಚಳಿಗಾಲಕ್ಕೊಂದು ಕಪ್ಪು ಗೆರೆ. ಹೆಣ್ಣು ಕರಡಿಯ ಹಲ್ಲಿನಲ್ಲಿ ಇನ್ನೂ ಒಂದು ಕತೆ ಇದೆ: ಮರಿ ಸಾಕಿದ ವರ್ಷ ಆ ಪದರ ಸಣ್ಣಗಾಗುತ್ತೆ. ಒಂದು ಅಗಲ, ಒಂದು ಸಣ್ಣ, ಒಂದು ಅಗಲ, ಒಂದು ಸಣ್ಣ. ಎಂಟು ವರ್ಷದ ಕರಡಿ ಎಷ್ಟು ಸಲ ಮರಿ ಹಾಕಿತ್ತು ಅನ್ನೋದು ಒಂದು ಚೂರು ಹಲ್ಲಿನಿಂದ ತಿಳಿಯುತ್ತೆ.

ಬಡಗಣಕಾಡು

ಹಲ್ಲಿನಿಂದ ವಯಸ್ಸು ಗೊತ್ತಾಯಿತು ಸಾರ್. ವಯಸ್ಸಿನಿಂದ ಸಂಖ್ಯೆಗೆ ಹೋಗೋದು ಹೇಗೆ?

ಲೆಕ್ಕದ_ಮೇಷ್ಟ್ರು

ಎರಡು ದಾರಿ.

ಒಂದು, ಹಿಂದಕ್ಕೆ ಕೂಡುವುದು. 2000ದಲ್ಲಿ ಹುಟ್ಟಿದ ಕರಡಿಗಳಲ್ಲಿ 2002ರಲ್ಲಿ ಎಷ್ಟು ಹೊಡೆದರು, 2003ರಲ್ಲಿ ಎಷ್ಟು, 2010ರಲ್ಲಿ ಎಷ್ಟು, ಹೀಗೆ ಕೂಡುತ್ತಾ ಹೋದರೆ ಅಷ್ಟು ಕರಡಿಯಾದರೂ 2002ರಲ್ಲಿ ಬದುಕಿದ್ದವು ಎಂದಾಯಿತು. ಎಲ್ಲ ಹುಟ್ಟುವರ್ಷಕ್ಕೂ ಹೀಗೆ ಮಾಡಿದರೆ ಕನಿಷ್ಠ ಸಂಖ್ಯೆ ಸಿಗುತ್ತದೆ. ದೋಷ ಏನೆಂದರೆ ಇತ್ತೀಚಿನ ಮೂರ್ನಾಲ್ಕು ವರ್ಷದ ಸಂಖ್ಯೆ ಯಾವಾಗಲೂ ಅಲುಗಾಡುತ್ತಿರುತ್ತದೆ, ಆ ವರ್ಷಗಳ ಕರಡಿಗಳಲ್ಲಿ ಹೆಚ್ಚಿನವು ಇನ್ನೂ ಸತ್ತಿಲ್ಲವಲ್ಲ. ಬೇಟೆಗಾರರಿಗೆ ಬೇಕಾದ್ದು ಈ ವರ್ಷದ ಸಂಖ್ಯೆ, ಈ ಲೆಕ್ಕ ಗಟ್ಟಿಯಾಗಿ ಹೇಳುವುದು ಐದು ವರ್ಷ ಹಿಂದಿನದು. ಜಗಳ ಹುಟ್ಟುವುದೇ ಇಲ್ಲಿ.

ಎರಡನೆಯದು ಇನ್ನೂ ಚೆಂದ. ಗಂಡು ಕರಡಿ ಹೆಚ್ಚು ಅಲೆಯುತ್ತದೆ, ಎರೆಗೆ ಬೇಗ ಸಿಕ್ಕಿಬೀಳುತ್ತದೆ. ಹಾಗಾಗಿ ಒಂದು-ಎರಡು ವರ್ಷದ ಕರಡಿಗಳ ಬೇಟೆಯಲ್ಲಿ ಗಂಡೇ ಜಾಸ್ತಿ. ವಯಸ್ಸು ಏರಿದ ಹಾಗೆ ಹೊಡೆಯಲು ಉಳಿದ ಗಂಡು ಕಡಿಮೆ, ಹೆಣ್ಣಿನ ಪಾಲು ಏರುತ್ತದೆ. ಯಾವ ವಯಸ್ಸಿನಲ್ಲಿ ಗಂಡು-ಹೆಣ್ಣು ಸಮ ಆಗುತ್ತದೋ ಅದನ್ನು ಒಂದರ ಕೆಳಗೆ ಇಡಿ. ಐದನೇ ವಯಸ್ಸಿಗೆ ಸಮವಾದರೆ ಐದರಲ್ಲಿ ಒಂದು, ಅಂದರೆ ವರ್ಷಕ್ಕೆ ನೂರಕ್ಕೆ ಸುಮಾರು 20 ಕರಡಿ ಬೇಟೆಗೆ ಹೋಗುತ್ತಿವೆ. ನಾಲ್ಕಕ್ಕೇ ಸಮವಾದರೆ 25. ಬೇಟೆಯ ಒಟ್ಟು ಸಂಖ್ಯೆಯನ್ನು ಈ ಪಾಲಿನಿಂದ ಭಾಗಿಸಿದರೆ ಕಾಡಿನ ಸಂಖ್ಯೆಯ ಅಂದಾಜು ಬರುತ್ತದೆ. ನೂರಿನ್ನೂರು ಹಲ್ಲಿನಲ್ಲಿ ಇದನ್ನು ಮಾಡಬೇಡಿ, ಗೆರೆ ಎಲ್ಲೆಲ್ಲೋ ಓಡುತ್ತದೆ. ಹಲವು ವರ್ಷದ್ದನ್ನು ಒಟ್ಟುಹಾಕಬೇಕು.

ಓಕ್‌ಕಾಯಿ

ಎಲ್ಲ ಸರಿ ಮಾರಾಯ್ರೆ, ಆದರೆ ಎರಡನೇ ಸಂಗತಿಯನ್ನ ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಹಣ್ಣು-ಕಾಯಿ. "ಕರಡಿ ಮಾಯ" ಅನ್ನುವ ದೂರಿನಲ್ಲಿ ದೊಡ್ಡ ಪಾಲು ಇದೇ.

ಮಿನೆಸೋಟಾದ ಕರಡಿ ತಿನ್ನೋದು ಜೂನ್‌ನಲ್ಲಿ ಎಳೆ ಸೊಪ್ಪು, ಇರುವೆ ಗೂಡಿನ ಮೊಟ್ಟೆ-ಮರಿ. ಜುಲೈಗೆ ಸಾರ್ಸಪರಿಲ್ಲಾ, ಬ್ಲೂಬೆರಿ, ರಾಸ್ಪ್‌ಬೆರಿ. ಆಗಸ್ಟ್‌ಗೆ ಚೋಕ್‌ಚೆರಿ, ಹೇಝಲ್ ಕಾಯಿ. ಆಗಸ್ಟ್ ಕೊನೆಯಿಂದ ಓಕ್ ಕಾಯಿ. ಸೀಸನ್ ತೆರೆಯೋದು ಸೆಪ್ಟೆಂಬರ್ ಒಂದರ ಆಸುಪಾಸು, ಮುಚ್ಚೋದು ಅಕ್ಟೋಬರ್ ನಡುವೆ. ಎರೆ ಹಾಕೋದು ಅದಕ್ಕೆ ಎರಡು ವಾರ ಮುಂಚೆಯಿಂದ. ಅಂದರೆ ಎರೆಯ ಸ್ಪರ್ಧೆ ಹೇಝಲ್ ಜೊತೆಗೆ, ಓಕ್ ಜೊತೆಗೆ. ಕಾಯಿ ಜೋರಾಗಿ ಬಿಟ್ಟ ವರ್ಷ ನಿಮ್ಮ ಹಳಸಿದ ಬನ್ನಿಗೆ ಕರಡಿ ಯಾಕೆ ಬರಬೇಕು?

ಇನ್ನೊಂದುಂಟು. ಆಗಸ್ಟ್‌ನಲ್ಲಿ ಕರಡಿಗಳು ಬೇಸಿಗೆಯ ನೆಲೆ ಬಿಟ್ಟು ಕಾಯಿ ಇರುವ ಕಡೆ ಹತ್ತಾರು ಕಿಲೋಮೀಟರ್ ಹೋಗ್ತವೆ, ಕೆಲವು ಅದಕ್ಕಿಂತಲೂ ಎಷ್ಟೋ ದೂರ, ಗುಹೆ ಸೇರುವ ಹೊತ್ತಿಗೆ ವಾಪಸ್. ಕತ್ತಿಗೆ ರೇಡಿಯೋ ಕಾಲರ್ ಹಾಕಿದ ಕರಡಿಗಳಲ್ಲಿ ಇದನ್ನ ಮತ್ತೆ ಮತ್ತೆ ನೋಡಿದ್ದಾರೆ. ಜುಲೈ ಕ್ಯಾಮರಾದಲ್ಲಿ ಐದು ಕರಡಿ, ಸೆಪ್ಟೆಂಬರ್‌ನಲ್ಲಿ ಒಂದೂ ಇಲ್ಲ ಅಂದರೆ ಸತ್ತವು ಅಂತಲ್ಲ, ಊಟಕ್ಕೆ ಹೋಗಿವೆ.

ಡಿಎನ್‌ಆರ್ 1984ರಿಂದ ಪ್ರತಿವರ್ಷ ಈ ಗಿಡಗಳ ಕಾಯಿಗೆ ಅಂಕ ಹಾಕ್ತದೆ. ನಿಮ್ಮ ಬ್ಲಾಕ್‌ಗೆ ನೀವೇ ಹಾಕಿಕೊಳ್ಳಬಹುದು. ಒಂದೇ ದಾರಿಯಲ್ಲಿ 20 ಓಕ್ ಮರ ಗುರುತು ಮಾಡಿ, ಪ್ರತಿವರ್ಷ ಆಗಸ್ಟ್ ಎರಡನೇ ವಾರ ಹೋಗಿ. ಬೈನಾಕ್ಯುಲರ್ ಹಿಡಿದು ಮರದ ತುದಿಯಲ್ಲಿ 15 ಸೆಕೆಂಡಿನಲ್ಲಿ ಎಷ್ಟು ಕಾಯಿ ಎಣಿಸಲು ಆಗ್ತದೋ ಎಣಿಸಿ, ಬೇರೆ ಮಗ್ಗುಲಿಗೆ ಹೋಗಿ ಇನ್ನೊಂದು 15 ಸೆಕೆಂಡು. ಎರಡೂ ಕೂಡಿ. ನೆಲಕ್ಕೆ ಬಿದ್ದದ್ದನ್ನ ಎಣಿಸಬೇಡಿ, ಅದರಲ್ಲಿ ಹುಳು ಹಿಡಿದು ಮೊದಲೇ ಉದುರಿದ್ದೇ ಹೆಚ್ಚು.

ಮರದ ಜಾತಿ ಬರೆದುಕೊಳ್ಳಲೇಬೇಕು. ಬರ್ ಓಕ್ ಈ ವರ್ಷ ಹೂ ಬಿಟ್ಟು ಈ ವರ್ಷವೇ ಕಾಯಿ ಕೊಡ್ತದೆ. ಕೆಂಪು ಓಕ್‌ಗೆ ಎರಡು ವರ್ಷ ಬೇಕು. ಈ ಮೇ ತಿಂಗಳಲ್ಲಿ ಹೂವಿಗೆ ಮಂಜು ಹೊಡೆದರೆ ಬರ್ ಓಕ್ ಈ ವರ್ಷ ಬರಿದು, ಕೆಂಪು ಓಕ್ ಮುಂದಿನ ವರ್ಷ. ಎರಡನ್ನೂ ಒಂದೇ ಪಟ್ಟಿಗೆ ಹಾಕಿದವರಿಗೆ ಮರುವರ್ಷ ಆಶ್ಚರ್ಯ ಕಾದಿರ್ತದೆ.

ಕೊಡಗಿನ_ಕೋವಿ

ಹಾಗಾದರೆ ತೀರ್ಮಾನ ಹೀಗೆ ಮಾಡಬಹುದಾ: ಕಾಯಿ ಚೆನ್ನಾಗಿದ್ದು ಎರೆಗೆ ಬರುವುದು ಕಡಿಮೆಯಾದರೆ ಚಿಂತೆ ಇಲ್ಲ. ಕಾಯಿ ಕೈಕೊಟ್ಟ ವರ್ಷವೂ ಎರೆಗೆ ಬರುತ್ತಿಲ್ಲ ಅಂದರೆ ಕರಡಿಯೇ ಕಡಿಮೆ.

ಓಕ್‌ಕಾಯಿ

ಹೌದು, ಕೈಕೊಟ್ಟ ವರ್ಷವೇ ನಿಜವಾದ ಪರೀಕ್ಷೆ. ಆ ವರ್ಷ ಎರೆ ಮುಟ್ಟದೆ ಕೊಳೆತರೆ ಗಾಬರಿ ಬೀಳಬಹುದು.

ಬಡಗಣಕಾಡು

ತೋಳದ ಬಗ್ಗೆ ಯಾರೂ ಹೇಳಲಿಲ್ಲ. ಉತ್ತರ ಮಿನೆಸೋಟಾದಲ್ಲಿ ತೋಳ ಬೇಕಾದಷ್ಟಿವೆ, ಮರಿಗಳನ್ನು ಅವೇ ಮುಗಿಸುತ್ತಿವೆ ಅಂತ ಎಷ್ಟೋ ಜನ ಹೇಳ್ತಾರೆ.

ಹಲ್ಲುಪದರ

ತೋಳ ಅಪರೂಪಕ್ಕೆ ಗುಹೆಯಲ್ಲಿ ಮಲಗಿದ ಕರಡಿಯನ್ನ ಕೊಂದದ್ದು ಇದೆ. ಆದರೆ ಚಿಪ್ಪೆವಾ ರಾಷ್ಟ್ರೀಯ ಅರಣ್ಯದಲ್ಲಿ 1981ರಿಂದ, ಕ್ಯಾಂಪ್ ರಿಪ್ಲೆಯಲ್ಲಿ 1991ರಿಂದ, ವಾಯೇಜರ್ಸ್ ರಾಷ್ಟ್ರೀಯ ಉದ್ಯಾನದಲ್ಲಿ 1997ರಿಂದ ಕಾಲರ್ ಹಾಕಿ ಹಿಂಬಾಲಿಸಿದ ಕರಡಿಗಳ ಸಾವಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಕಾನೂನುಬದ್ಧ ಬೇಟೆಯದೇ. ವಾಹನ, ಉಪಟಳಕ್ಕೆ ಹೊಡೆದದ್ದು, ಎಲ್ಲ ಅದರ ಹಿಂದೆ. ತೋಳದ ಮೇಲೆ ಹಾಕಿ ಕೈತೊಳೆದುಕೊಳ್ಳೋದು ಸುಲಭ ಅಷ್ಟೇ.

ಬೇಟೆಗೆ ಸಿಗದಿದ್ದರೆ ಒಂದು ಹೆಣ್ಣು ಏನು ಮಾಡಬಲ್ಲದು ಅನ್ನೋದಕ್ಕೆ ಚಿಪ್ಪೆವಾದ 56ನೇ ನಂಬರಿನ ಕರಡಿ ನೋಡಿ. 1981ರ ಜುಲೈನಲ್ಲಿ ಏಳು ವರ್ಷದ್ದಾಗಿದ್ದಾಗ ಕಾಲರ್ ಹಾಕಿದ್ದು. 1981ರಿಂದ 1995ರವರೆಗೆ ಎಂಟು ಸೂಲು, 22 ಮರಿ, ಅದರಲ್ಲಿ 21 ಒಂದೂವರೆ ವರ್ಷ ದಾಟಿದವು. 2013ರಲ್ಲಿ ಸತ್ತಾಗ ವಯಸ್ಸು ಮೂವತ್ತೊಂಬತ್ತೂವರೆ. ಕಾಡಿನ ಕರಡಿಯಲ್ಲಿ ಅಷ್ಟು ಬಾಳಿದ್ದು ಬೇರೆ ಗೊತ್ತಿಲ್ಲ. ಕೊನೆಗೆ ಮುಪ್ಪಿನಿಂದಲೇ ಹೋಯಿತು.

ಅಂದಹಾಗೆ ಕಿವಿಗೆ ದೊಡ್ಡ ಬಣ್ಣದ ಬಿಲ್ಲೆ ಇರುವ ಕರಡಿ ಎರೆಗೆ ಬಂದರೆ ಅದು ಕಾಲರ್ ಕರಡಿ. ಹೊಡೆಯಬೇಡಿ ಅಂತ ಡಿಎನ್‌ಆರ್ ಪ್ರತಿವರ್ಷ ಕೇಳಿಕೊಳ್ಳುತ್ತೆ. ಕಾಲರ್ ಕೂದಲಲ್ಲಿ ಮುಚ್ಚಿಹೋಗಿರುತ್ತೆ, ಬಿಲ್ಲೆ ನೋಡಬೇಕು.

ಲೆಕ್ಕದ_ಮೇಷ್ಟ್ರು

ತೋಳಕ್ಕಿಂತ ಹೆಣ್ಣಿನ ಲೆಕ್ಕ ನೋಡೋಣ. ಕೆಳಗಿನದು ಉದಾಹರಣೆಯ ಲೆಕ್ಕ, ಯಾವ ಬ್ಲಾಕ್‌ನದೂ ಅಲ್ಲ.

ನಾಲ್ಕು ವರ್ಷ ದಾಟಿದ ಹೆಣ್ಣು 100. ಮರಿ ತಾಯಿಯ ಜೊತೆ ಸುಮಾರು 17 ತಿಂಗಳು ಇರುವುದರಿಂದ ಎರಡು ವರ್ಷಕ್ಕೊಂದು ಸೂಲು, ಹಾಗಾಗಿ ವರ್ಷಕ್ಕೆ 50 ಹೆಣ್ಣುಗಳು ಮರಿ ಹಾಕುತ್ತವೆ. ಸೂಲಿಗೆ ಎರಡೂವರೆ ಅಂದರೆ 125 ಮರಿ, ಅರ್ಧ ಹೆಣ್ಣು, 62. ಮೊದಲ ವರ್ಷ ನಾಲ್ಕರಲ್ಲಿ ಒಂದು ಸತ್ತರೆ ಉಳಿದದ್ದು 47. ಅಲ್ಲಿಂದ ನಾಲ್ಕು ವರ್ಷದವರೆಗೆ, ಬೇಟೆ-ವಾಹನ ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ 20 ಕಳೆದರೆ 24 ಮುಟ್ಟುತ್ತವೆ. ಅಂದರೆ ಆ ನೂರರಲ್ಲಿ ವರ್ಷಕ್ಕೆ 24 ಸತ್ತರೂ ಸಂಖ್ಯೆ ನಿಂತಲ್ಲಿ ನಿಲ್ಲುತ್ತದೆ.

ಈಗ ಆಹಾರ ಕಡಿಮೆ ಇರುವ ಈಶಾನ್ಯದ ಕಡೆ ಬನ್ನಿ. ಮೊದಲ ಸೂಲು ನಾಲ್ಕಕ್ಕೆ ಬದಲು ಐದಕ್ಕೆ ಆದರೆ 24 ಇದ್ದದ್ದು 19 ಆಯಿತು. ಅಥವಾ ಕಾಯಿ ಕೈಕೊಟ್ಟು 50ರ ಬದಲು 35 ಹೆಣ್ಣು ಮಾತ್ರ ಮರಿ ಹಾಕಿದರೆ ಆ ವರ್ಷದ ಪಾಲು 17. ಅದೇ ಕಾಯಿ ಕೈಕೊಟ್ಟ ಶರತ್ಕಾಲದಲ್ಲಿ ಹಸಿದ ಹೆಣ್ಣುಗಳು ಎರೆಗೂ ಹೆಚ್ಚು ಬಂದು ಬೇಟೆಗೂ ಹೆಚ್ಚು ಹೋಗಿರುತ್ತವೆ. ಮರಿ ಕಡಿಮೆ, ತಾಯಿಯೂ ಕಡಿಮೆ, ಎರಡೂ ಒಂದೇ ವರ್ಷ. ಪೆಟ್ಟು ಬೀಳುವುದು ಹೀಗೆ. ಆದರೆ ಆ ಸೀಸನ್‌ನಲ್ಲಿ ಬೇಟೆ ಭರ್ಜರಿ ಆಗಿರುವುದರಿಂದ ಎಲ್ಲರೂ ಕರಡಿ ಹೆಚ್ಚಾಗಿವೆ ಎನ್ನುತ್ತಾರೆ. ಕೊರತೆ ಕಣ್ಣಿಗೆ ಬೀಳುವುದು ನಾಲ್ಕೈದು ವರ್ಷದ ಮೇಲೆ.

ಕಾಯಿ ಇಲ್ಲದಿದ್ದರೆ ಮರಿ ಯಾಕಿಲ್ಲ ಎಂದರೆ, ಕೂಡುವುದು ಬೇಸಿಗೆಯ ಮೊದಲಲ್ಲಿ. ಭ್ರೂಣ ಗರ್ಭಕೋಶಕ್ಕೆ ಅಂಟುವುದು ನವೆಂಬರ್ ಹೊತ್ತಿಗೆ. ಅಷ್ಟರಲ್ಲಿ ಮೈಗೆ ಕೊಬ್ಬು ಬರದಿದ್ದರೆ ಅಂಟುವುದೇ ಇಲ್ಲ. ಜನವರಿಯಲ್ಲಿ ಗುಹೆ ಖಾಲಿ.

1990ರ ದಶಕದ ಕೊನೆಯಲ್ಲಿ ಪರ್ಮಿಟ್ ಏರಿಸಿದ್ದು ತಪ್ಪಿ ಆದದ್ದಲ್ಲ. ಕರಡಿ ಹೆಚ್ಚಾಗಿದ್ದವು, ಉಪಟಳದ ದೂರು ಬರುತ್ತಿತ್ತು, ಇಳಿಸಲೆಂದೇ ಏರಿಸಿದರು. ಇಳಿದವು. ಬೇಕೆಂದದ್ದಕ್ಕಿಂತ ಹೆಚ್ಚು ಇಳಿದವು. ಇಳಿಸುವುದು ಎರಡು ಸೀಸನ್ನಿನ ಕೆಲಸ, ಏರಿಸುವುದು ಹತ್ತು ವರ್ಷದ್ದು.

ಬಡಗಣಕಾಡು

ಹಾಗಾದ್ರೆ ಹೆಣ್ಣನ್ನು ಬಿಟ್ಟು ಗಂಡನ್ನು ಮಾತ್ರ ಹೊಡೆದರೆ? ಎರೆ ಮುಂದೆ ಕೂತಾಗ ಗುರುತಿಸೋದು ಸಾಧ್ಯವಾ?

ಕೊಡಗಿನ_ಕೋವಿ

ದೊಡ್ಡ ಗಂಡನ್ನ ಗುರುತಿಸೋದು ಸುಲಭ. ಎರಡು-ಮೂರು ವರ್ಷದ್ದರಲ್ಲಿ ಬಲ್ಲವರೂ ಎಡವುತ್ತಾರೆ.

ಕಿವಿ ನೋಡಿ. ತಲೆಯ ಮೇಲೆ ದೊಡ್ಡದಾಗಿ, ಹತ್ತಿರ ಹತ್ತಿರ ಎದ್ದು ನಿಂತ ಹಾಗಿದ್ದರೆ ಎಳೆಯದು ಅಥವಾ ಹೆಣ್ಣು. ಪಕ್ಕಕ್ಕೆ ಸರಿದು ಸಣ್ಣದಾಗಿ ಕಂಡರೆ ತಲೆ ದೊಡ್ಡದು, ಹೆಚ್ಚಾಗಿ ಗಂಡು. ನೆತ್ತಿಯ ನಡುವೆ ಹಳ್ಳದ ಹಾಗೆ ಗೆರೆ ಇದ್ದರೆ ಬಲಿತ ಗಂಡು. ಮುಂದಿನ ಪಾದದ ಗುರುತು ಕೆಸರಲ್ಲಿ ಸಿಕ್ಕರೆ ಅಂಗಾಲಿನ ಅಗಲ ಅಳೆಯಿರಿ, ಉಗುರು ಬಿಟ್ಟು: 12 ಸೆಂಟಿಮೀಟರ್ ದಾಟಿದರೆ ಹೆಣ್ಣಾಗಿರುವುದು ಕಷ್ಟ. ಬಂದ ರೀತಿಯೂ ಹೇಳುತ್ತೆ. ಹೆಣ್ಣು ಕಾಡಿನ ಅಂಚಲ್ಲಿ ನಿಂತು ಹಿಂದೆ ತಿರುಗಿ ನೋಡಿದರೆ ಮರಿ ಮೇಲೆ ಎಲ್ಲೋ ಮರದಲ್ಲಿದೆ. ಹತ್ತು ನಿಮಿಷ ಕೋವಿ ಎತ್ತಬೇಡಿ. ಮರಿ ಹೊಡೆಯೋದು ಕಾನೂನಿಗೂ ವಿರುದ್ಧ, ತಾಯಿ ಹೋದರೆ ಆ ವಯಸ್ಸಿನ ಮರಿಗೂ ಕಷ್ಟ.

ಮಿನೆಸೋಟಾದಲ್ಲಿ ನಾಯಿ ಬಿಟ್ಟು ಕರಡಿ ಬೇಟೆ ಇಲ್ಲ, ಇರೋದು ಎರೆಯೇ. ಎರೆಯ ಒಂದು ಗುಣ ಅದು: ಕರಡಿ ನಿಲ್ಲುತ್ತೆ, ನೋಡೋಕೆ ಸಮಯ ಸಿಗುತ್ತೆ. ಆ ಸಮಯ ಬಳಸದೆ ಮೊದಲು ಬಂದದ್ದಕ್ಕೇ ಗುಂಡು ಹಾಕಿದರೆ ಎರೆ ಹಾಕಿ ಏನು ಬಂತು? ಮೊದಲ ವಾರದಲ್ಲಿ ಪೈಪೋಟಿ ಇರುತ್ತೆ, ಬೇಟೆಯ ದೊಡ್ಡ ಪಾಲು ಮೊದಲ ಎರಡು ವಾರದಲ್ಲೇ ಮುಗಿಯೋದು, ಅದಕ್ಕೇ ಅವಸರ.

ಓಕ್‌ಕಾಯಿ

ಎರೆಯ ಮಾತು ಬಂದದ್ದಕ್ಕೆ ಒಂದು: ಚಾಕೊಲೇಟ್ ಬೇಡವೇ ಬೇಡ. ಅದರಲ್ಲಿರುವ ಥಿಯೋಬ್ರೋಮಿನ್ ಕರಡಿಗೆ ವಿಷ. 2014ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 40 ಕಿಲೋದಷ್ಟು ಚಾಕೊಲೇಟ್, ಡೋನಟ್ ಸುರಿದ ಒಂದೇ ಎರೆ ಜಾಗದ ಹತ್ತಿರ ನಾಲ್ಕು ಕರಡಿ ಸತ್ತು ಬಿದ್ದಿದ್ದವು, ಎರಡು ದೊಡ್ಡ ಹೆಣ್ಣು, ಎರಡು ಮರಿ. ಕರಡಿ ಕಡಿಮೆ ಅಂತ ಅಳುವ ಜಾಗದಲ್ಲಿ ಎರಡು ಹೆಣ್ಣು ಅಂದರೆ ಎಷ್ಟು, ಮೇಷ್ಟ್ರ ಲೆಕ್ಕ ಮೇಲುಂಟಲ್ಲ. ಮತ್ತೆ, ಪ್ಲಾಸ್ಟಿಕ್ ಕವರ್, ಡಬ್ಬ, ಕಾಗದ ಬಿಟ್ಟುಬರುವುದೂ ಮಿನೆಸೋಟಾದಲ್ಲಿ ಅಪರಾಧ.

ದರೋಜಿ_ಬಂಡೆ

ಬ್ಯಾರೆ ರಾಜ್ಯದಾಗ ರೋಗ ಬಂದು ಕರಡಿ ಕಡಿಮಿ ಆಗ್ಯಾವು ಅಂತಾರಲ್ರಿ, ಕೂದಲು ಉದುರೋದು. ಇಲ್ಲೂ ಅದೇನಾರ ಐತೇನು?

ಹಲ್ಲುಪದರ

ನೀವು ಹೇಳ್ತಿರೋದು ಪೆನ್ಸಿಲ್ವೇನಿಯಾ, ಕಜ್ಜಿ ರೋಗ. ಚರ್ಮದೊಳಗೆ ಬಿಲ ತೋಡುವ ಸಣ್ಣ ಹುಳದಿಂದ ಬರುತ್ತೆ. ಅಲ್ಲಿ 2019ರಲ್ಲಿ 4,653 ಕರಡಿ ಬೇಟೆಯಾಗಿ ದಾಖಲೆ ಆಯಿತು, 2022ರಲ್ಲಿ 3,170. ಆದರೆ 2019ರಲ್ಲೇ ಅಲ್ಲಿ ಬೇಟೆಯ ದಿನಗಳನ್ನ ಹೆಚ್ಚು ಮಾಡಿದ್ದರು. ಹಾಗಾಗಿ ಕಜ್ಜಿ ಎಷ್ಟು, ದಿನ ಎಷ್ಟು ಅಂತ ಬಿಡಿಸದೆ ಹೇಳೋಕಾಗಲ್ಲ. ಮಿನೆಸೋಟಾದ ಇಳಿಕೆಗೆ ಕಜ್ಜಿ ಕಾರಣ ಅಲ್ಲ. ಕ್ಯಾಮರಾದಲ್ಲಿ ಮುಖ, ಕಿವಿ ಬೋಳಾದ, ಬೂದಿ ಬಳಿದ ಹಾಗೆ ಚರ್ಮ ಇರುವ ಕರಡಿ ಕಂಡರೆ ಆ ಎರೆ ಜಾಗ ನಿಲ್ಲಿಸಿ, ಡಿಎನ್‌ಆರ್‌ಗೆ ತಿಳಿಸಿ. ಹತ್ತು ಕರಡಿ ಒಂದೇ ಕಡೆ ಮೈ ಉಜ್ಜಿದರೆ ಹುಳ ಹರಡೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕಾ.

ಬಡಗಣಕಾಡು

ಕೊನೆಯದೊಂದು. ಹಲ್ಲು ಇಲ್ಲದೆ, ಕರಡಿ ಹೊಡೆಯದೆ, ಒಂದು ಬ್ಲಾಕ್‌ನಲ್ಲಿ ಎಷ್ಟಿವೆ ಅಂತ ಎಣಿಸೋಕೆ ಮುಳ್ಳುತಂತಿಗೆ ಸಿಕ್ಕಿದ ಕೂದಲಿನ ಡಿಎನ್‌ಎ ನೋಡುವ ದಾರಿ ಇದೆಯಲ್ಲ, ಅದನ್ನು ಸ್ವಯಂಸೇವಕರು ಮಾಡಬಹುದಾ?

ಹಲ್ಲುಪದರ

ಕಟ್ಟೋದು, ಕೂದಲು ತರೋದು ಮಾಡಬಹುದು, ಇಲಾಖೆಯ ಅನುಮತಿ ಬೇಕು. ಡಿಎನ್‌ಎ ಪರೀಕ್ಷೆಗೆ ಪ್ರಯೋಗಾಲಯ, ಖರ್ಚೂ ಅಲ್ಲೇ.

ಮೂರ್ನಾಲ್ಕು ಮರ ಸುತ್ತಿ, ಐದು ಮೀಟರ್ ಅಗಲದ ಬೇಲಿ. ಮುಳ್ಳುತಂತಿ ಒಂದೇ ಸಾಲು, ನೆಲದಿಂದ 50 ಸೆಂಟಿಮೀಟರ್. ನೆಲ ಏರಿಳಿತ ಇದ್ದರೆ ತಂತಿಯ ಕೆಳಗೆ ಕಟ್ಟಿಗೆ ತುಂಬಿ ಇಲ್ಲವೇ ಹಳ್ಳ ಮುಚ್ಚಿ, ಇಲ್ಲದಿದ್ದರೆ ಕರಡಿ ತಂತಿ ಮುಟ್ಟದೆ ನುಸುಳುತ್ತೆ. ನಡುವೆ ಕೊಳೆತ ಕಟ್ಟಿಗೆ, ಎಲೆ ಗುಡ್ಡೆ ಮಾಡಿ ಮೇಲೆ ಎರಡು-ಮೂರು ಲೀಟರ್ ಹುಳಿತ ದನದ ರಕ್ತ, ಮೀನೆಣ್ಣೆ. ತಿನ್ನೋಕೆ ಏನೂ ಇಡಬಾರದು. ಊಟ ಸಿಕ್ಕರೆ ಅದೇ ಕರಡಿ ದಿನಾ ಬರುತ್ತೆ, ಉಳಿದವು ಹತ್ತಿರ ಸುಳಿಯೋಲ್ಲ, ಲೆಕ್ಕ ಒಂದೇ ಕಡೆ ವಾಲುತ್ತೆ. ವಾಸನೆ ಮಾತ್ರ.

ಹತ್ತು ದಿನಕ್ಕೊಮ್ಮೆ ಹೋಗಿ. ಒಂದೊಂದು ಮುಳ್ಳಿನ ಕೂದಲು ಒಂದೊಂದು ಕಾಗದದ ಕವರ್‌ಗೆ. ಎರಡು ಮುಳ್ಳಿನದನ್ನ ಒಂದಕ್ಕೆ ಹಾಕಿದರೆ ಎರಡು ಕರಡಿ ಬೆರೆತುಹೋಗಬಹುದು. ಬೇಕಾದ್ದು ಬೇರು, ಬರೀ ಕೂದಲ ಎಳೆ ಸಾಲದು. ಆದ್ದರಿಂದ ಕತ್ತರಿ ಬೇಡ, ಚಿಮಟ. ತೆಗೆದ ಮೇಲೆ ಆ ಮುಳ್ಳನ್ನ ಲೈಟರ್‌ನಿಂದ ಸುಟ್ಟುಬಿಡಿ, ಉಳಿದ ಎಳೆ ಮುಂದಿನ ಸಲಕ್ಕೆ ಸೇರಬಾರದು. ಬೇಸಿಗೆಯಲ್ಲಿ ಕಾಡು ಒಣಗಿದ್ದರೆ ಬೆಂಕಿಯ ಬಗ್ಗೆ ಜಾಗ್ರತೆ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಕವರ್‌ಗಳು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಬಿಸಿಲಲ್ಲಿ ಅಲ್ಲ.

ಜಾಗಗಳ ನಡುವಿನ ದೂರ ಹೆಣ್ಣಿನ ಓಡಾಟ ನೋಡಿ ಇಡಬೇಕು, ಗಂಡಿನದನ್ನಲ್ಲ. ಒಂದು ಹೆಣ್ಣಿನ ವಲಯದೊಳಗೆ ಕನಿಷ್ಠ ಎರಡು-ಮೂರು ಬೇಲಿ ಇರದಿದ್ದರೆ ಗಂಡುಗಳನ್ನೇ ಎಣಿಸಿ ಹೆಣ್ಣು ಇಲ್ಲ ಅಂತ ವರದಿ ಬರೆದ ಹಾಗಾಗುತ್ತೆ. ಜೂನ್-ಜುಲೈನಲ್ಲಿ ಮುಗಿಸಿ. ಆಗಸ್ಟ್ ಆದ ಮೇಲೆ ಯಾವ ಕರಡಿ ಈ ಬ್ಲಾಕ್‌ನದು, ಯಾವುದು ಕಾಯಿಗೆ ಬಂದ ನೆಂಟ ಅಂತ ಹೇಳೋಕಾಗಲ್ಲ.

ಬಡಗಣಕಾಡು

ಕವರ್ ಮೇಲೆ ಏನೇನು ಬರೆಯೋದು?

ಹಲ್ಲುಪದರ

ಬೇಲಿ ನಂಬರ್, ತಂತಿಯ ಯಾವ ಮಗ್ಗುಲು, ಮುಳ್ಳಿನ ನಂಬರ್, ತೆಗೆದ ದಿನ, ಹಿಂದಿನ ಸಲ ನೋಡಿದ ದಿನ. ಪೆನ್ಸಿಲ್‌ನಲ್ಲಿ ಬರೆಯಿರಿ, ಮಳೆ ಬಿದ್ದರೆ ಪೆನ್ನಿನ ಶಾಯಿ ಕರಗುತ್ತೆ. ಕೂದಲು ಸಿಗದ ಬೇಲಿಗೂ "ಇಲ್ಲ" ಅಂತ ಒಂದು ಸಾಲು ಬರೆಯೋದು ಮರೀಬೇಡಿ, ಲೆಕ್ಕಕ್ಕೆ ಅದೂ ಅಷ್ಟೇ ಬೇಕು.